ರೌಟರ್ ಎಸೆಯುವ ಮುನ್ನ

ಹೊಸೂರಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕುಟುಂಬ ನಮ್ಮದು. ಕಳೆದ ಮಳೆಗಾಲದಲ್ಲಿ ನಮಗೊಂದು ಪೀಡೆ ಅಂಟಿಕೊಂಡಿತು. ಸಂಜೆ ಏಳಾದರೆ ಸಾಕು, ವೈಫೈ ಹೋಗಿಬಿಡುತ್ತಿತ್ತು. ಮೇಲೆ ಮಗಳ ಆನ್‌ಲೈನ್ ಪಾಠ ನಡುವೆ ನಿಲ್ಲುವುದು. ಕೆಳಗೆ ಜಿಎಸ್‌ಟಿ ಲೆಕ್ಕ ಸಲ್ಲಿಸುವ ಕೊನೆಯ ದಿನವೇ ಪರದೆಯ ಮೇಲೆ ಚಕ್ರ ತಿರುಗುತ್ತಿರುವುದು. ರೌಟರನ್ನು ಆರಿಸಿ ಹಾಕಿದರೆ ಅರ್ಧ ಗಂಟೆ ಸರಿ, ಮತ್ತೆ ಅದೇ ಗೋಳು.

ಹೊಸದನ್ನು ಕೊಳ್ಳಲು ಹೊರಟಾಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮಗ ತಡೆದ. “ಇರಿ ಚಿಕ್ಕಪ್ಪ, ರೋಗ ಯಾವುದೆಂದು ಮೊದಲು ನೋಡೋಣ” ಎಂದ.

ಇಂಟರ್‌ನೆಟ್ ಕಂಪನಿಯವರ ಪೆಟ್ಟಿಗೆಗೆ ಲ್ಯಾಪ್‌ಟಾಪನ್ನು ನೇರವಾಗಿ ಕೇಬಲ್‌ನಿಂದ ಜೋಡಿಸಿದ. ಸಂಪರ್ಕ ಕಡಿಯಲಿಲ್ಲ, ಅಂದರೆ ದೋಷ ಲೈನಿನದಲ್ಲ, ನಮ್ಮ ರೌಟರಿನದು. ಕಬ್ಬಿಣದ ಬೀರುವಿನ ಹಿಂದಿದ್ದ ಅದನ್ನು ಎತ್ತರದ ಬಯಲು ಜಾಗದಲ್ಲಿಟ್ಟ. ನೆರೆಯವರೆಲ್ಲ 1ನೇ ಚಾನಲ್‌ನಲ್ಲಿದ್ದುದರಿಂದ ನಮ್ಮದನ್ನು 11ಕ್ಕೆ ಬದಲಿಸಿದ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಒಂದರ ಮೇಲೊಂದು ಬೀಳುವುದಿಲ್ಲ. ಕೊಂಚ ಗುಣವಾಯಿತು, ಪೂರ್ತಿಯಾಗಲಿಲ್ಲ.

ಉಳಿದದ್ದು ಫರ್ಮ್‌ವೇರ್, ಅಂದರೆ ರೌಟರಿನೊಳಗಿದ್ದು ಅದನ್ನು ನಡೆಸುವ ತಂತ್ರಾಂಶ. ತಯಾರಕರು ನಮ್ಮ ಮಾದರಿಗೆ ಹೊಸ ತಂತ್ರಾಂಶ ಕೊಡುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಇಂಥ ರೌಟರ್ ತಡವರಿಸುವುದಷ್ಟೇ ಅಲ್ಲ, ಕಳ್ಳರಿಗೆ ತೆರೆದ ಹಿತ್ತಿಲ ಬಾಗಿಲೂ ಆಗಬಹುದು. ಬ್ಯಾಂಕ್ ವ್ಯವಹಾರವೆಲ್ಲ ಅದರ ಮೂಲಕವೇ ಹೋಗುವ ನಾವು ವ್ಯಾಪಾರಿಗಳು ಇದನ್ನು ಮರೆಯಬಾರದು.

ಇದಕ್ಕೆ ಪರಿಹಾರ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ರೌಟರಿನಲ್ಲಿ ಲಿನಕ್ಸ್ ಇರುವುದು 2003ರಲ್ಲಿ ಬಯಲಾಯಿತು. ಲಿನಕ್ಸ್ ಬಳಸಿ ಮಾರುವವರು ಅದರ ಮೂಲ ಬರಹವನ್ನೂ ಕೊಡಬೇಕೆಂಬುದು ಅದರ ಪರವಾನಗಿಯ ಷರತ್ತು. ಕಂಪನಿ ಕೊಟ್ಟಿತು. ಅದರ ಆಧಾರದಿಂದ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ಫರ್ಮ್‌ವೇರ್ ಆರಂಭವಾಯಿತು. ಇಂದು ಅನೇಕ ಕಂಪನಿಗಳ ನೂರಾರು ಮಾದರಿಗಳಿಗೆ ಅದು ದೊರೆಯುತ್ತದೆ.

ಹುಡುಗ ಅದನ್ನು ಇಳಿಸಿಕೊಂಡು ಸಿದ್ಧನಾದ. ಅಷ್ಟರಲ್ಲಿ ನಮ್ಮ ಅತ್ತಿಗೆ ಕನ್ನಡಕ ಏರಿಸಿ ರೌಟರಿನ ಅಡಿಯ ಚೀಟಿ ಓದಿದರು. “ಇದರಲ್ಲಿ ವಿ3 ಎಂದಿದೆಯಲ್ಲೋ, ನೀನು ತಂದದ್ದು ವಿ2” ಎಂದರು. ಹೆಸರು ಒಂದೇ ಆದರೂ ಒಳಗಿನ ಚಿಪ್ ಬೇರೆಯಿರಬಹುದು. ತಪ್ಪು ಕಡತ ಹಾಕಿದ್ದರೆ ರೌಟರ್ ಮತ್ತೆ ಏಳುತ್ತಿರಲಿಲ್ಲವೇನೋ!

ಮಾಡಬಯಸುವ ಬಂಧುಗಳು ಗಮನಿಸಬೇಕಾದವು ಇವು. ಮಾದರಿ ಮತ್ತು ಆವೃತ್ತಿ ಬೆಂಬಲಿತ ಪಟ್ಟಿಯಲ್ಲಿವೆಯೇ ನೋಡಿ. ಕನಿಷ್ಠ 8 ಎಂಬಿ ಫ್ಲ್ಯಾಶ್, 64 ಎಂಬಿ ರ್ಯಾಮ್ ಬೇಕು. ಹಳೆಯ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳಿ. ವೈಫೈನಲ್ಲಲ್ಲ, ಕೇಬಲ್ ಜೋಡಿಸಿಯೇ ಮಾಡಿ. ನಡುವೆ ಕರೆಂಟ್ ಹೋದರೆ ರೌಟರ್ ಕೆಡಬಹುದು, ಆದ್ದರಿಂದ ಯುಪಿಎಸ್ ಇರಲಿ. ಮುಗಿದ ಕೂಡಲೇ ಹೊಸ ಪಾಸ್‌ವರ್ಡ್ ಹಾಕಿ. ವೈಫೈ ಸಾಮಾನ್ಯವಾಗಿ ಆರಿರುತ್ತದೆ, ನಾವೇ ಚಾಲೂ ಮಾಡಬೇಕು. ವಾರಂಟಿ ಹೋಗಬಹುದೆಂಬುದು ನೆನಪಿರಲಿ. ಇಂಟರ್‌ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯನ್ನಂತೂ ಮುಟ್ಟಬೇಡಿ; ಅದು ಅವರ ಸ್ವತ್ತು.

ಸರಿಯಾದ ಕಡತ ಹಾಕಿದ ಮೇಲೆ ನಮ್ಮ ಸಂಜೆಗಳು ನೆಮ್ಮದಿಯಾಗಿವೆ. ಹಣ ಖರ್ಚಾಗಲಿಲ್ಲ, ಒಂದು ಭಾನುವಾರ ಹೋಯಿತು. ಎಲ್ಲ ರೌಟರಿಗೂ ಇದು ಮದ್ದಲ್ಲ; ಅಡಾಪ್ಟರ್ ಸೋತಿದ್ದರೆ ಫರ್ಮ್‌ವೇರ್ ಏನು ಮಾಡೀತು? ಆದರೆ ಸರಕನ್ನು ಪರೀಕ್ಷಿಸದೆ ತಿರಸ್ಕರಿಸುವ ಅಭ್ಯಾಸ ನಮ್ಮ ಅಂಗಡಿಗಳಲ್ಲಿಲ್ಲ. ಮನೆಯಲ್ಲೇಕೆ ಇರಬೇಕು?