ಕೊಚಿಟಿಯ ಚಿತ್ರಕರ್ತಿ ಟೊನೀಟಾ ಪೇನ್ಯ

ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದಲ್ಲಿ, ರಿಯೊ ಗ್ರಾಂಡೆ ನದಿಯ ತೀರದುದ್ದಕ್ಕೂ, ಹಸಿಮಣ್ಣಿನ ಇಟ್ಟಿಗೆಯ ಮನೆಗಳನ್ನು ಕಟ್ಟಿ, ಮೆಕ್ಕೆಜೋಳವನ್ನು ಬೆಳೆದು ಬಾಳಿಕೊಂಡು ಬಂದಿರುವ ಪ್ವೆಬ್ಲೊ ಜನರಿಗೆ ನೃತ್ಯವೆಂಬುದು ವಿನೋದವಲ್ಲ; ಮಳೆಯನ್ನೂ ಬೆಳೆಯನ್ನೂ ಬೇಡಿ ಸಮಸ್ತ ಗ್ರಾಮವೂ ಒಡಗೂಡಿ ಸಲ್ಲಿಸುವ ಪ್ರಾರ್ಥನೆ. ಆ ಪ್ರಾರ್ಥನೆಯನ್ನು ಜಲವರ್ಣದಲ್ಲಿ ಕಾಗದಕ್ಕಿಳಿಸಿದ ಮೊದಲ ತಲೆಮಾರಿನ ಪ್ವೆಬ್ಲೊ ಚಿತ್ರಕಾರರಲ್ಲಿ ಪ್ರಸಿದ್ಧಿಗೆ ಬಂದ ಏಕೈಕ ಸ್ತ್ರೀ ಟೊನೀಟಾ ಪೇನ್ಯ.

1893ರಲ್ಲಿ ಸಾನ್ ಇಲ್ಡೆಫೊನ್ಸೊ ಗ್ರಾಮದಲ್ಲಿ ಹುಟ್ಟಿದ ಈಕೆ ಅಲ್ಲಿಯ ಪಾಠಶಾಲೆಯಲ್ಲಿ ಎಸ್ತರ್ ಹಾಯ್ಟ್ ಎಂಬ ಉಪಾಧ್ಯಾಯಿನಿಯ ಕೈಯಿಂದ ಬಣ್ಣಗಳನ್ನು ಪಡೆದು, ತಾನು ಕಂಡ ನೃತ್ಯಗಳನ್ನೇ ಬರೆಯತೊಡಗಿದಳು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಮೇಲೆ ಕೊಚಿಟಿ ಎಂಬ ಇನ್ನೊಂದು ಪ್ವೆಬ್ಲೊ ಗ್ರಾಮದಲ್ಲಿದ್ದ ಚಿಕ್ಕಮ್ಮ ಮಾರ್ಟಿನಾ ವಿಹಿಲಳ ಆಶ್ರಯವನ್ನು ಸೇರಿದಳು. ತವರಿನ ಭಾಷೆ ಟೇವಾ, ಕೊಚಿಟಿಯದು ಕೇರೆಸ್. ಹುಡುಗಿಗೆ ಊರಿನೊಡನೆ ಸುತ್ತಣ ನುಡಿಯೂ ಬದಲಾಯಿತು. ಆದರೆ ಚಿಕ್ಕಮ್ಮನು ಹೆಸರಾಂತ ಕುಂಭಕಲಾವಿದೆ. ಮಡಕೆಯ ಬಾಗಿದ ಮೈಯ ಮೇಲೆ, ತಪ್ಪಿದರೆ ತಿದ್ದಲವಕಾಶವಿಲ್ಲದಂತೆ, ನಡುಗದೆ ಎಳೆಯಬೇಕಾದ ರೇಖೆಯ ನಿಯಮವು ಅಂಥ ಮನೆಯಲ್ಲಿ ಉಸಿರಾಟದಷ್ಟೇ ಸಹಜವಾಗಿದ್ದಿರಬೇಕು. ಪೇನ್ಯಳ ಚಿತ್ರಗಳ ನಿಶ್ಚಿತವಾದ ರೇಖೆಯನ್ನು ನೋಡುವಾಗಲೆಲ್ಲ ನನಗೆ ಹಾಗೆ ತೋರುತ್ತದೆ.

ಪ್ವೆಬ್ಲೊ ಸಂಪ್ರದಾಯದಲ್ಲಿ ಚಿತ್ರವಿದ್ಯೆಗೂ ಸ್ತ್ರೀಪುರುಷ ವಿಭಾಗವುಂಟು. ಕೀವಾ ಎಂಬ ಪೂಜಾಗೃಹದ ಭಿತ್ತಿಗಳಲ್ಲಿ ಮನುಷ್ಯರೂಪಗಳನ್ನೂ ದೇವತಾರೂಪಗಳನ್ನೂ ಬರೆಯುವುದು ಗಂಡಸರ ಅಧಿಕಾರ. ಮಡಕೆಯ ಮೇಲೆ ಮೋಡ, ಮಳೆ, ಗರಿಗಳ ವಿನ್ಯಾಸಗಳನ್ನು ತುಂಬುವುದು ಹೆಂಗಸರ ಕೆಲಸ. ನರ್ತಕರ ಆಕೃತಿಯನ್ನೇ ವಿಷಯವನ್ನಾಗಿ ಆರಿಸಿಕೊಂಡ ಪೇನ್ಯಳು ಈ ಸೀಮೆಯನ್ನು ದಾಟಿದಳು. ಗ್ರಾಮದಲ್ಲಿ ಆಕ್ಷೇಪವೂ ಕೇಳಿಬಂದಿತು. ಎರಡು ಸಲ ವೈಧವ್ಯವನ್ನು ಅನುಭವಿಸಿ, ಮಕ್ಕಳನ್ನು ಸಾಕುತ್ತ, ಮನೆಗೆಲಸದ ನಡುವೆಯೇ ಆಕೆ ಕುಂಚವನ್ನು ಹಿಡಿದಿದ್ದಳೆಂಬುದನ್ನು ನೆನೆದರೆ ಆ ಧೈರ್ಯದ ತೂಕ ತಿಳಿದೀತು.

ಆಕೆ ಬರೆದ ಮೆಕ್ಕೆಜೋಳದ ನೃತ್ಯದ ನರ್ತಕಿಯನ್ನು ಸಾವಧಾನವಾಗಿ ನೋಡಬೇಕು. ಎಡಭುಜವನ್ನು ಬಿಟ್ಟು ಬಲಭುಜದ ಮೇಲೆ ಬಿಗಿದ ಕಪ್ಪು ಉಣ್ಣೆಯ ಉಡುಗೆ, ನಡುವಿಗೆ ನೇಯ್ದ ಕೆಂಪು ಪಟ್ಟಿ, ಕೈಗಳೆರಡರಲ್ಲಿಯೂ ನಿತ್ಯಹರಿದ್ವರ್ಣದ ಚಿಗುರುಕೊಂಬೆ, ಶಿರಸ್ಸಿನ ಮೇಲೆ ಮೋಡದ ಸೋಪಾನಗಳನ್ನು ಚಿತ್ರಿಸಿದ ತೆಳುಹಲಗೆಯ ಕಿರೀಟವಾದ ‘ತಬ್ಲೀತಾ’, ಬರಿಯ ಪಾದ. ಸೋರೆಬುರುಡೆಯ ಗಿಲಕಿಯನ್ನು ಅಲುಗಿಸುತ್ತ, ಬೆನ್ನಹಿಂದೆ ನರಿಯ ತೊಗಲನ್ನು ಇಳಿಬಿಟ್ಟು ಕುಣಿಯುವ ಗಂಡಸಿನ ಕಾಲು ಎತ್ತರಕ್ಕೇಳುವುದು. ಹೆಣ್ಣಿನ ಕಾಲಾದರೋ ಭೂಮಿಯನ್ನು ಬಿಟ್ಟೂ ಬಿಡದಂತಿರುವುದು. ಅಷ್ಟು ಸೂಕ್ಷ್ಮವಾದ ಈ ಭೇದವನ್ನು ದೂರದ ಪ್ರೇಕ್ಷಕನು ಹಿಡಿಯಲಾರ. ಆ ಕುಣಿತದ ನಡುವೆಯೇ ಬೆಳೆದವರಿಗೆ ಅದು ಕಲಿಸದೆಯೇ ಬರುತ್ತದೆ. ಚಿತ್ರದಲ್ಲಿ ನೆಲವಿಲ್ಲ, ಆಕಾಶವಿಲ್ಲ, ನೆರಳಿಲ್ಲ. ಕಾಗದದ ಬಿಳುಪೇ ಅಂಗಳ. ಈ ಶೂನ್ಯವನ್ನು ಶಿಕ್ಷಣದ ಕೊರತೆಯೆಂದು ಭಾವಿಸುವುದು ಸಲ್ಲದು. ಮಿಕ್ಕೆಲ್ಲವನ್ನೂ ನೀಗಿದ್ದರಿಂದಲೇ ನರ್ತಕಿಯ ಹೆಜ್ಜೆಯೂ ಉಡುಗೆಯ ಒಂದೊಂದು ನೂಲೂ ಅಷ್ಟು ಸ್ಪಷ್ಟವಾಗಿ ನಮ್ಮೆದುರು ನಿಲ್ಲುತ್ತವೆ.

ಇಂಥ ಚಿತ್ರಗಳು ಹುಟ್ಟಿದ ಕಾಲವನ್ನೂ ಮರೆಯಲಾಗದು. 1921ರಲ್ಲಿ ಅಮೆರಿಕ ಸರ್ಕಾರದ ಇಂಡಿಯನ್, ಎಂದರೆ ಅಲ್ಲಿಯ ಮೂಲನಿವಾಸಿಗಳ, ವ್ಯವಹಾರಗಳ ಆಯುಕ್ತನಾಗಿದ್ದ ಚಾರ್ಲ್ಸ್ ಬರ್ಕನು ಮೂಲನಿವಾಸಿಗಳ ನೃತ್ಯಗಳನ್ನು ನಿಗ್ರಹಿಸಲು ಸುತ್ತೋಲೆ ಹೊರಡಿಸಿದನು. 1923ರಲ್ಲಿ ಅದಕ್ಕೆ ಸೇರಿಸಿದ ಅನುಬಂಧದಲ್ಲಿ, ಐವತ್ತು ವರ್ಷಕ್ಕೆ ಕೆಳಗಿನವರು ನೃತ್ಯದಲ್ಲಿ ಸೇರಲೂ ಬಾರದು, ನೋಡಲೂ ಬಾರದು, ಬಿತ್ತನೆಯ ಹಾಗೂ ಬೇಸಗೆಯ ತಿಂಗಳುಗಳಲ್ಲಿ ನೃತ್ಯವೇ ಕೂಡದು ಎಂಬ ಸಲಹೆಗಳಿಗೆ ಸಮ್ಮತಿಯಿತ್ತನು. ಕೊಚಿಟಿಯ ಮೆಕ್ಕೆಜೋಳದ ನೃತ್ಯವು ನಡೆಯುವುದಾದರೋ ಜುಲೈ 14ರಂದು, ಮಳೆಯನ್ನು ಎದುರುನೋಡುವ ದಿನಗಳಲ್ಲಿ! ಪೈರಿಗೆ ನೀರು ಬೇಕಾದಾಗ ಪ್ರಾರ್ಥಿಸಬೇಡವೆಂದ ಆ ಆಡಳಿತದ ಕಾಲದಲ್ಲಿ, ಅದೇ ಪ್ರಾರ್ಥನೆಯನ್ನು ಆಕೆ ಒಂದೊಂದಾಗಿ ಬರೆದಿಡುತ್ತ ಹೋದಳು.

ಪೇನ್ಯಳು 1949ರಲ್ಲಿ ತೀರಿಕೊಂಡಳು. ಆ ವೇಳೆಗೆ, 1932ರಲ್ಲಿ ಡೊರೊತಿ ಡನ್ ಸ್ಥಾಪಿಸಿದ ಸಾಂಟಾ ಫೆ ಇಂಡಿಯನ್ ಶಾಲೆಯ ಚಿತ್ರವಿಭಾಗದಲ್ಲಿ ಓದುತ್ತಿದ್ದಾಗ ಈಕೆಯ ಕೆಲಸವನ್ನು ಕಣ್ಣಾರೆ ಕಂಡು, ಹೆಣ್ಣೂ ಚಿತ್ರಕರ್ತಿಯಾಗಬಹುದೆಂಬ ಭರವಸೆಯನ್ನು ಪಡೆದ ಸಾಂಟಾ ಕ್ಲಾರಾ ಎಂಬ ಪ್ವೆಬ್ಲೊ ಗ್ರಾಮದ ಪಬ್ಲೀಟಾ ವೆಲಾರ್ಡೆಯು ಬ್ಯಾಂಡೆಲಿಯರ್ ರಾಷ್ಟ್ರೀಯ ಸ್ಮಾರಕಕ್ಕಾಗಿ ಪ್ವೆಬ್ಲೊ ಜೀವನದ ಚಿತ್ರಮಾಲೆಯನ್ನು ರಚಿಸಿಯಾಗಿತ್ತು. ಮುಂದೆ ವೆಲಾರ್ಡೆಯು ನಾಡಿನ ಕಲ್ಲುಮಣ್ಣುಗಳನ್ನು ತಾನೇ ಅರೆದು ವರ್ಣಗಳನ್ನು ಸಿದ್ಧಪಡಿಸಿಕೊಂಡು ಬರೆದಳು. ಅವಳ ಮಗಳು ಹೆಲೆನ್ ಹಾರ್ಡಿನ್, ಪೇನ್ಯಳ ಮಗ ಜೋ ಹೆರೆರಾ ಇಬ್ಬರೂ ಚಿತ್ರಕಾರರಾಗಿ, ತಾಯಂದಿರ ಶೈಲಿಯನ್ನು ಬಿಟ್ಟು ಬೇರೆಯ ದಾರಿಯನ್ನು ಹಿಡಿದರು.