ನಿಮಗಿದು ಗೊತ್ತೇ? ತೂಕ ಇಳಿಸುವ ಆಪರೇಷನ್ ಆದಮೇಲೆ ಯಾರ ಪಥ್ಯ ಸರಿ?

ಒಂದು ಆಸ್ಪತ್ರೆಯ ಪಥ್ಯದ ಚೀಟಿ ಇನ್ನೊಂದಕ್ಕೆ ಹೊಂದುವುದಿಲ್ಲ. ಹಾಗಾದರೆ ಯಾವುದನ್ನು ನಂಬಬೇಕು? ಈ ಸಂಗತಿಗಳು ತಿಳಿದಿರಲಿ.

● ಆಪರೇಷನ್‌ಗಳೇ ಬೇರೆ ಬೇರೆ. ‘ಸ್ಲೀವ್’ ಎಂಬ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆಯುತ್ತಾರೆ, ಕರುಳನ್ನು ಮುಟ್ಟುವುದಿಲ್ಲ. ‘ಗ್ಯಾಸ್ಟ್ರಿಕ್ ಬೈಪಾಸ್’ನಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಪಥ್ಯದ ವ್ಯತ್ಯಾಸ ಶುರುವಾಗುವುದೇ ಇಲ್ಲಿಂದ.

● ಬೈಪಾಸ್ ಆದವರು ಸಿಹಿ ತಿಂದರೆ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಹೊಟ್ಟೆನುಲಿತ, ಭೇದಿ ಕಾಣಿಸಬಹುದು. ಇದಕ್ಕೆ ‘ಡಂಪಿಂಗ್’ ಎನ್ನುತ್ತಾರೆ. ಸ್ಲೀವ್ ಆದವರಲ್ಲಿ ಇದು ಕಡಿಮೆ, ಆದರೆ ಬರುವುದೇ ಇಲ್ಲ ಎನ್ನುವಂತಿಲ್ಲ.

● ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಮೊದಲ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದ್ದು 1966ರಲ್ಲಿ. ಆದರೂ ಕೆಲವು ಪಥ್ಯಗಳಿಗೆ ಇಂದಿಗೂ ಗಟ್ಟಿ ಸಂಶೋಧನೆಗಿಂತ ವೈದ್ಯರ ಅನುಭವವೇ ಆಧಾರ. ಊಟಕ್ಕೆ ಎಷ್ಟು ಹೊತ್ತು ಮೊದಲು ನೀರು ನಿಲ್ಲಿಸಬೇಕು ಎಂಬುದರಲ್ಲಿ ಒಮ್ಮತವಿಲ್ಲ. ಊಟವಾದ ಮೇಲೆ ಅರ್ಧ ಗಂಟೆ ಕಾಯಿರಿ ಎಂಬುದು ಸಾಮಾನ್ಯ ಸಲಹೆ.

● ಆಪರೇಷನ್ ನಂತರ ಊಟದ ಹಂತಗಳು ಇವು: ತಿಳಿ ದ್ರವ, ಮಂದ ದ್ರವ, ನುಣ್ಣಗೆ ಅರೆದದ್ದು, ಮೆತ್ತಗೆ ಬೇಯಿಸಿದ್ದು, ಕೊನೆಗೆ ಗಟ್ಟಿ ಊಟ. ಒಂದೊಂದು ಹಂತಕ್ಕೆ ಎಷ್ಟು ದಿನ ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಈ ಕ್ರಮ ಮಾತ್ರ ಹೆಚ್ಚುಕಡಿಮೆ ಎಲ್ಲೆಡೆ ಒಂದೇ.

● ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಆದ್ದರಿಂದ ತಟ್ಟೆಯಲ್ಲಿ ಅನ್ನಕ್ಕಿಂತ ಮೊದಲು ಬೇಳೆ, ಪನೀರ್, ಮೊಟ್ಟೆ, ಮೀನಿನ ಕಡೆ ಕೈ ಹೋಗಲಿ.

● ನೂರು ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಲೇಬೇಕಾದವರಿಗೆ ಈ ಅಭ್ಯಾಸ ಸಲ್ಲದು. ದ್ರವಾಹಾರದ ದಿನಗಳಲ್ಲಿ ತೆಳ್ಳಗಿನ ರಾಗಿ ಗಂಜಿ ಆಗಬಹುದೇ ಎಂದು ಡಯಟೀಷಿಯನ್‌ರನ್ನು ಕೇಳಿ.

● ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳನ್ನು ಒಟ್ಟಿಗೆ ನುಂಗಬಾರದು, ನಡುವೆ ಕನಿಷ್ಠ 2 ಗಂಟೆ ಬಿಡಬೇಕು. ಕಬ್ಬಿಣದ ಮಾತ್ರೆಯ ಜೊತೆ ಕಾಫಿ, ಟೀ ಕೂಡ ಬೇಡ.

● ಬಿ12 ಹೀರಲು ಜಠರದಲ್ಲಿ ತಯಾರಾಗುವ ಒಂದು ಪ್ರೋಟೀನ್ ಬೇಕು. ಬೈಪಾಸ್ ಆದವರಿಗೆ ಅದರ ನೆರವು ಸಾಲದು. ಹಾಗಾಗಿ ತೂಕ ಇಳಿದು ಎಷ್ಟೇ ವರ್ಷವಾಗಿರಲಿ, ವಿಟಮಿನ್ ಪೂರಕಗಳು ಮತ್ತು ರಕ್ತಪರೀಕ್ಷೆ ಜೀವನಪೂರ್ತಿ ಇರಬೇಕು.

● ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ‘ಆಪರೇಷನ್ ಆದವರಿಗೆ ಇದು ಮಾಮೂಲು’ ಎಂದು ಸುಮ್ಮನಿರಬೇಡಿ. ವಾಂತಿಯಿಂದಾಗುವ ಥಯಮಿನ್ (ಬಿ1) ಕೊರತೆಯಿಂದ ಮಿದುಳಿಗೇ ಹಾನಿಯಾಗಬಹುದು. ಕೂಡಲೇ ವೈದ್ಯರಲ್ಲಿಗೆ ಹೋಗಿ.

● ಬೈಪಾಸ್ ನಂತರ ಮದ್ಯ ಬಹು ಬೇಗ ರಕ್ತ ಸೇರುತ್ತದೆ. ಮೊದಲು ತಡೆದುಕೊಳ್ಳುತ್ತಿದ್ದ ಪ್ರಮಾಣವೇ ಈಗ ಅಪಾಯ.

● ಎರಡು ಸಲಹೆಗಳು ಡಿಕ್ಕಿ ಹೊಡೆದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದು ಯಾವ ಆಪರೇಷನ್‌ಗೆ? ಎಷ್ಟನೇ ವಾರಕ್ಕೆ? ನನ್ನ ರಕ್ತಪರೀಕ್ಷೆ ಏನು ಹೇಳುತ್ತದೆ? ನೆರೆಮನೆಯವರಿಗೆ ಒಗ್ಗಿದ ಪಥ್ಯ ಅವರ ದೇಹಕ್ಕೆ ಬರೆದದ್ದು. ನಿಮ್ಮದನ್ನು ಬದಲಿಸುವ ಮೊದಲು ನಿಮ್ಮ ಸರ್ಜನ್ ಮತ್ತು ಡಯಟೀಷಿಯನ್‌ರನ್ನು ಒಂದು ಮಾತು ಕೇಳಿ.