ಬ್ಯಾಟು ಬೀಸುವ ಮಕ್ಕಳು: ಅಭ್ಯಾಸ ಎಷ್ಟು, ಹೇಗೆ?

ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ ತುಮಕೂರಿನ ಜೂನಿಯರ್ ಕಾಲೇಜು ಮೈದಾನದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ತಂಡದ ಬೌಂಡರಿಯೊಳಗೇ ಇನ್ನೊಂದು ತಂಡದ ವಿಕೆಟ್ಟು. ಗುಬ್ಬಿ ಕಡೆಯ ಹಳ್ಳಿಗಳಲ್ಲಿ ತೆಂಗಿನ ಮಟ್ಟೆ ಕೆತ್ತಿ ಮಾಡಿದ ಬ್ಯಾಟು, ಕುಣಿಗಲ್ಲಿನಲ್ಲಿ ಕೆರೆಯ ನೀರು ಇಳಿದ ವರ್ಷ ಅಂಗಳದಲ್ಲೇ ಪಿಚ್ಚು. ಇದರ ಜೊತೆಗೆ ಈಗ ಊರೂರಲ್ಲಿ ಬೇಸಿಗೆ ಶಿಬಿರಗಳು. ಬಿಳಿ ಉಡುಪು, ಪ್ಯಾಡು, ಗ್ಲೌಸು ಕೊಡಿಸಿ ಮಗನನ್ನೋ ಮಗಳನ್ನೋ ಶಿಬಿರಕ್ಕೆ ಸೇರಿಸಿದ ಪೋಷಕರ ಮೊದಲ ಪ್ರಶ್ನೆ ಒಂದೇ: ದಿನಕ್ಕೆ ಎಷ್ಟು ಚೆಂಡು ಆಡಿಸಬೇಕು?

ಈ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಬ್ಯಾಟು ಹಿಡಿದ ಮಗುವಿನ ದೇಹ ಏನು ಮಾಡಬೇಕಾಗಿದೆ ಎಂಬುದನ್ನು ನೋಡೋಣ.

ಕ್ರಿಕೆಟ್ ಪಿಚ್ಚಿನಲ್ಲಿ ಒಂದು ತುದಿಯ ಕ್ರೀಸಿನಿಂದ ಇನ್ನೊಂದು ತುದಿಯ ಕ್ರೀಸಿಗೆ ಸುಮಾರು 17.7 ಮೀಟರ್ ಅಂತರ. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು ಈ ದೂರವನ್ನು ಸುಮಾರು 0.64 ಸೆಕೆಂಡಿನಲ್ಲಿ ಕ್ರಮಿಸುತ್ತದೆ (ಪುಟಿದಾಗ ಕಳೆದುಕೊಳ್ಳುವ ವೇಗವನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ). ಕಣ್ಣು ಕಂಡದ್ದನ್ನು ಮಿದುಳು ಅರಿತು ಕೈಗೆ ಆಜ್ಞೆ ಕೊಡುವುದಕ್ಕೇ ಸುಮಾರು 0.2 ಸೆಕೆಂಡು ಬೇಕು. ಉಳಿದ ಅವಧಿಯಲ್ಲಿ ಕಾಲು ಚಲಿಸಬೇಕು, ಸೊಂಟ ತಿರುಗಬೇಕು, ಬ್ಯಾಟು ಇಳಿಯಬೇಕು. ಬೀದಿ ಕ್ರಿಕೆಟ್ಟಿನಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಹತ್ತು ಮೀಟರ್ ದೂರದಿಂದ ಗಂಟೆಗೆ 70 ಕಿ.ಮೀ. ವೇಗದಲ್ಲಿ ಎಸೆದ ಚೆಂಡು ಅರ್ಧ ಸೆಕೆಂಡಿನಲ್ಲಿ ಮುಖದ ಮುಂದಿರುತ್ತದೆ. ಪೂರ್ತಿ ಪಿಚ್ಚಿನಲ್ಲಿ ಗಂಟೆಗೆ ಸುಮಾರು 125 ಕಿ.ಮೀ. ವೇಗದ ಬೌಲರನ್ನು ಎದುರಿಸಿದಂತೆಯೇ ಇದು. ಗಲ್ಲಿಯಲ್ಲಿ ಆಡುವುದು ಹಗುರ, ಮೈದಾನದಲ್ಲಿ ಆಡುವುದು ಕಠಿಣ ಎಂಬ ನಂಬಿಕೆ ಹಾಗಾಗಿ ಪೂರ್ತಿ ಸರಿಯಲ್ಲ.

ಶಾಲಾ ಕ್ರೀಡಾಕೂಟಗಳಲ್ಲಿರುವ ಸಾಫ್ಟ್‌ಬಾಲ್ ಆಟದ್ದೂ ಇದೇ ಕಥೆ. ಹೆಸರಿನಲ್ಲಷ್ಟೇ ಅದು ಮೃದು. ಮಹಿಳೆಯರ ಸಾಫ್ಟ್‌ಬಾಲ್‌ನಲ್ಲಿ ಚೆಂಡೆಸೆಯುವವಳು ನಿಲ್ಲುವುದು ಬ್ಯಾಟು ಹಿಡಿದವಳಿಂದ ಸುಮಾರು 13 ಮೀಟರ್ ದೂರದಲ್ಲಿ. ಚೆಂಡಿನ ತೂಕ 178ರಿಂದ 198 ಗ್ರಾಂ, ಅಂದರೆ ಕ್ರಿಕೆಟ್ ಚೆಂಡಿಗಿಂತಲೂ ಹೆಚ್ಚು.

ನಿಂತ ಚೆಂಡಿನಿಂದ ಓಡುವ ಚೆಂಡಿಗೆ

ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಕಲಿಸುವವರು ಮಗುವನ್ನು ನೇರವಾಗಿ ವೇಗದ ಚೆಂಡಿನ ಮುಂದೆ ನಿಲ್ಲಿಸುವುದಿಲ್ಲ. ಮೊದಲು ಸೊಂಟದೆತ್ತರದ ರಬ್ಬರ್ ಕಂಬದ ಮೇಲೆ ಚೆಂಡನ್ನಿಟ್ಟು ಹೊಡೆಸುತ್ತಾರೆ. ಆಮೇಲೆ ಪಕ್ಕದಿಂದ ಕೈಕೆಳಗಾಗಿ ಮೆಲ್ಲಗೆ ಎಸೆದು ಹೊಡೆಸುತ್ತಾರೆ. ಎದುರಿನಿಂದ ಬರುವ ಚೆಂಡಿನ ಸರದಿ ಬರುವುದು ಕೊನೆಗೆ. ನಮ್ಮ ಮಕ್ಕಳಿಗೂ ಇದೇ ಕ್ರಮ ಒಳ್ಳೆಯದು. ಇದಕ್ಕೆ ಖರ್ಚೂ ಇಲ್ಲ. ಪಿ.ವಿ.ಸಿ. ಪೈಪಿನ ತುಂಡಿನ ಮೇಲೆ ಟೆನಿಸ್ ಚೆಂಡನ್ನು ಕೂರಿಸಬಹುದು. ಹಳೆಯ ಕಾಲುಚೀಲದೊಳಗೆ ಚೆಂಡನ್ನು ಹಾಕಿ ತೋಟದ ಮರದ ಕೊಂಬೆಗೋ ಮನೆಯ ಜಂತೆಗೋ ಹಗ್ಗದಿಂದ ತೂಗುಬಿಟ್ಟರೆ ಅದೇ ಒಂದು ಪಾಠಶಾಲೆ. ಚೆಂಡನ್ನು ನೇರ ಬ್ಯಾಟಿನಿಂದ ಹೊಡೆದರೆ ನೇರವಾಗಿ ಹೋಗಿ ನೇರವಾಗಿ ಬರುತ್ತದೆ, ಅಡ್ಡ ಹೊಡೆದರೆ ವಕ್ರವಾಗಿ ಸುತ್ತುತ್ತದೆ. ತಪ್ಪನ್ನು ಚೆಂಡೇ ಹೇಳುವುದರಿಂದ ಅಪ್ಪ ಕೂಗಾಡಬೇಕಾದ ಅಗತ್ಯವಿಲ್ಲ.

ಗೋಡೆಗೆ ಚೆಂಡೆಸೆದು ಮರಳಿ ಬಂದದ್ದನ್ನು ಹೊಡೆಯುವುದು ಇನ್ನೊಂದು ಉತ್ತಮ ಅಭ್ಯಾಸ. ಆಸ್ಟ್ರೇಲಿಯದ ಡಾನ್ ಬ್ರಾಡ್ಮನ್ ಬಾಲಕನಾಗಿದ್ದಾಗ ಬೌರಲ್ ಎಂಬ ಊರಿನ ತಮ್ಮ ಮನೆಯಲ್ಲಿ ನೀರಿನ ತೊಟ್ಟಿಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡನ್ನೆಸೆದು, ಮರಳಿ ಬಂದಾಗ ಸ್ಟಂಪಿನಿಂದ ಹೊಡೆಯುತ್ತಿದ್ದರು. ಗಾಲ್ಫ್ ಚೆಂಡಿನಿಂದ ಆಡಬೇಕೆಂದು ಯಾರೂ ಇದರಿಂದ ಅರ್ಥ ಮಾಡಿಕೊಳ್ಳಬಾರದು. ಅಷ್ಟು ಚಿಕ್ಕ, ಗಟ್ಟಿ ಚೆಂಡು ಕಣ್ಣಿಗೆ ಬಿದ್ದರೆ ಆಗುವ ಹಾನಿಯನ್ನು ಮುಂದೆ ಹೇಳಲಿದ್ದೇನೆ. ಟೆನಿಸ್ ಚೆಂಡು ಸಾಕು.

ಇನ್ನು, ಒಂದೇ ಬಗೆಯ ಚೆಂಡನ್ನು ಐವತ್ತು ಸಲ ಆಡಿಸಿದರೆ ಹೊಡೆತ ಪಕ್ಕಾ ಆಗುತ್ತದೆಂಬುದು ನಮ್ಮ ತರಬೇತುದಾರರಲ್ಲಿ ಬೇರೂರಿದ ಅಭಿಪ್ರಾಯ. ಈ ವಿಷಯದಲ್ಲಿ 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಕುತೂಹಲಕರವಾಗಿದೆ. ಕಾಲೇಜು ಬೇಸ್‌ಬಾಲ್ ಆಟಗಾರರ ಒಂದು ಗುಂಪಿಗೆ ವಾರಕ್ಕೆ ಎರಡು ದಿನ ತಲಾ 45 ಹೆಚ್ಚುವರಿ ಚೆಂಡುಗಳನ್ನು ಎಸೆಯಲಾಯಿತು: ಮೊದಲು ಒಂದು ಬಗೆಯವು 15, ಆಮೇಲೆ ಇನ್ನೊಂದು ಬಗೆಯವು 15, ಕೊನೆಗೆ ಮೂರನೆಯ ಬಗೆಯವು 15. ಇನ್ನೊಂದು ಗುಂಪಿಗೆ ಅದೇ 45 ಚೆಂಡುಗಳನ್ನು ಕಲಸಿ, ಮುಂದಿನದು ಯಾವುದೆಂದು ತಿಳಿಯದಂತೆ ಎಸೆಯಲಾಯಿತು. ಆರು ವಾರದ ಬಳಿಕ ಕಲಸಿದ ಚೆಂಡು ಆಡಿದವರ ಹೊಡೆತ ಶೇ. 57ರಷ್ಟು ಸುಧಾರಿಸಿತ್ತು, ಸರದಿಯಂತೆ ಆಡಿದವರದು ಶೇ. 25ರಷ್ಟು ಮಾತ್ರ. ಅಭ್ಯಾಸದ ಹೊತ್ತಿನಲ್ಲಿ ಮಗು ಹೆಚ್ಚು ತಪ್ಪು ಮಾಡಿದರೂ ಕಲಿಕೆ ಚೆನ್ನಾಗಿ ನಡೆಯುತ್ತಿರಬಹುದು ಎಂಬುದನ್ನು ಪೋಷಕರು ಗಮನಿಸಬೇಕು. ಹೊಡೆತ ಕೂಡಿಬಂದ ಮೇಲೆ ಮುಂದಕ್ಕೊಂದು ಚೆಂಡು, ಗಿಡ್ಡದೊಂದು, ನಿಧಾನದ್ದೊಂದು ಎಂದು ಬೆರೆಸಿ ಎಸೆಯುವುದು ಮೇಲು.

ಸಂಖ್ಯೆಯ ಲೆಕ್ಕವೂ ಇದರಿಂದ ಬದಲಾಗುತ್ತದೆ. ಹತ್ತು ಹನ್ನೆರಡರ ವಯಸ್ಸಿನ ಮಗುವಿಗೆ ಒಂದು ಹೊತ್ತಿಗೆ ಬ್ಯಾಟಿಂಗ್ ಅಭ್ಯಾಸ 20ರಿಂದ 30 ನಿಮಿಷ ಸಾಕೆಂಬುದು ನನ್ನ ಅಭಿಪ್ರಾಯ. ನಡುವೆ ಎರಡು ಸಲ ನೆರಳಿನಲ್ಲಿ ಕೂರಿಸಬೇಕು. ವಾರಕ್ಕೆ ತರಬೇತಿಯ ಒಟ್ಟು ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದು ಎಂಬುದು ಕ್ರೀಡಾ ವೈದ್ಯರು ಹೇಳುವ ಸರಳ ಸೂತ್ರ: ಹನ್ನೆರಡು ವರ್ಷದ ಹುಡುಗನಿಗೆ ಹನ್ನೆರಡು ಗಂಟೆ, ಅಷ್ಟೇ. ವಾರದಲ್ಲಿ ಒಂದೆರಡು ದಿನ ಪೂರ್ತಿ ಬಿಡುವು ಇರಬೇಕು. ದಣಿದ ಮಗುವನ್ನು ಗುರುತಿಸುವುದು ಕಷ್ಟವಲ್ಲ. ತಲೆ ಒಂದು ಕಡೆಗೆ ವಾಲುತ್ತದೆ, ಬ್ಯಾಟು ತಡವಾಗಿ ಬರುತ್ತದೆ, ಚೆಂಡು ಬೆರಳಿಗೆ ತಗಲತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಬ್ಯಾಟಿನ ತೂಕದ ವಿಷಯದಲ್ಲಿ ನಮ್ಮವರ ಲೆಕ್ಕಾಚಾರ ಶಾಲೆಯ ಸಮವಸ್ತ್ರದ್ದೇ: ‘ಬೆಳೆಯೋ ಹುಡುಗ, ಒಂದು ಸೈಜು ದೊಡ್ಡದೇ ಇರಲಿ.’ ಸಮವಸ್ತ್ರಕ್ಕೆ ಅದು ಸರಿ. ಭಾರದ ಬ್ಯಾಟು ಮಣಿಕಟ್ಟನ್ನೂ ಮೊಣಕೈಯನ್ನೂ ಸೊಂಟವನ್ನೂ ನೋಯಿಸುತ್ತದೆ, ಹೊಡೆತದ ರೀತಿಯನ್ನೂ ಕೆಡಿಸುತ್ತದೆ. ಹಿಡಿಯ ಮೇಲ್ಭಾಗದಲ್ಲಿರುವ ಒಂದೇ ಕೈಯಿಂದ ಬ್ಯಾಟನ್ನು ಮುಂದಕ್ಕೆ ಎತ್ತಿ ಹಿಡಿಯಲು ಹೇಳಿ. ಕೆಲವೇ ಸೆಕೆಂಡುಗಳಲ್ಲಿ ತುದಿ ಕೆಳಗೆ ಬಾಗಿದರೆ ಆ ಬ್ಯಾಟು ಆ ಮಗುವಿನದಲ್ಲ. ಚೆಂಡಿಗೂ ಇದೇ ಮಾತು ಅನ್ವಯಿಸುತ್ತದೆ. ದೊಡ್ಡವರ ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ ಇದ್ದರೆ 13 ವರ್ಷದೊಳಗಿನವರಿಗೆ 133ರಿಂದ 144 ಗ್ರಾಂ ತೂಕದ ಚೆಂಡೇ ಬೇರೆ ಇದೆ. ಅಂಗಡಿಯಲ್ಲಿ ಕೇಳಿ ಪಡೆಯಿರಿ.

ಕಣ್ಣಿಗೆ ಚೆಂಡು ಬಿದ್ದಾಗ

ಟೆನಿಸ್ ಚೆಂಡು ಅಪಾಯವಿಲ್ಲದ್ದು ಎಂಬ ಭಾವನೆ ಸಾಮಾನ್ಯ. ಕಣ್ಣಿನ ಗುಳಿಯ ಸುತ್ತ ಇರುವ ಮೂಳೆ ದೊಡ್ಡ ಗಟ್ಟಿ ಚೆಂಡನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಅಲ್ಲಿ ಮೂಳೆ ಮುರಿಯುವುದುಂಟು. ಟೆನಿಸ್ ಚೆಂಡು ಹಾಗಲ್ಲ. ಅದು ಅಮುಕಿಕೊಂಡು ಗುಳಿಯೊಳಕ್ಕೆ ನುಗ್ಗಿ ಕಣ್ಣುಗುಡ್ಡೆಯನ್ನೇ ಒತ್ತುತ್ತದೆ. ಆಗ ಕಣ್ಣಿನ ಕಪ್ಪು ಭಾಗದ ಮುಂದಿನ ಪುಟ್ಟ ಕೋಣೆಯಲ್ಲಿ ರಕ್ತ ಸೋರಬಹುದು, ಮಸೂರ ಜರುಗಬಹುದು, ಹಿಂಬದಿಯ ಅಕ್ಷಿಪಟಲ ಹರಿಯಬಹುದು. ಹೊರಗಿನಿಂದ ನೋಡಿದರೆ ಸ್ವಲ್ಪ ಕೆಂಪಗಿರುವುದಷ್ಟೇ ಕಾಣುತ್ತದೆ.

ಏಟು ಬಿದ್ದ ಕೂಡಲೇ ಕಣ್ಣನ್ನು ಉಜ್ಜಬಾರದು, ಒತ್ತಿ ಹಿಡಿಯಬಾರದು, ಊದಿ ಶಾಖ ಕೊಡಬಾರದು. ಎದೆಹಾಲು, ಜೇನುತುಪ್ಪ, ಸೊಪ್ಪಿನ ರಸ ಯಾವುದನ್ನೂ ಹಿಂಡಬಾರದು. ಆಸ್ಪಿರಿನ್ ಕೊಡಬಾರದು, ಅದರಿಂದ ರಕ್ತಸ್ರಾವ ಹೆಚ್ಚಾಗುವ ಸಂಭವವಿದೆ. ಕಣ್ಣಿಗೆ ತಾಗದಂತೆ ಒಂದು ಕಾಗದದ ಲೋಟವನ್ನು ಮೇಲೆ ಮುಚ್ಚಿ, ತಲೆಯನ್ನು ಎತ್ತರದಲ್ಲಿರಿಸಿಕೊಂಡು ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಗುಬ್ಬಿ, ಕುಣಿಗಲ್ ಕಡೆಯವರಿಗೆ ತುಮಕೂರಿನ ಜಿಲ್ಲಾ ಆಸ್ಪತ್ರೆ ದೂರವೇನಲ್ಲ. ಹೆಚ್ಚಿನ ಚಿಕಿತ್ಸೆ ಬೇಕೆಂದರೆ ಬೆಂಗಳೂರಿನ ಮಿಂಟೋ ಆಸ್ಪತ್ರೆ ಇದ್ದೇ ಇದೆ. ನೋವು ಇಳಿಯಿತೆಂದು ಸುಮ್ಮನಾಗಬೇಡಿ. ಕಣ್ಣ ಮುಂದೆ ನೊಣ ಹಾರಿದಂತೆ ಚುಕ್ಕೆಗಳು, ಮಿಂಚು, ಪರದೆ ಇಳಿದಂತೆ ಮಬ್ಬು ಕಂಡರೆ ಅದು ತುರ್ತು ಸ್ಥಿತಿ. ಒಮ್ಮೆ ಕಣ್ಣೊಳಗೆ ರಕ್ತ ಸೋರಿದವರಿಗೆ ವರ್ಷಗಳ ನಂತರವೂ ಕಣ್ಣಿನ ಒತ್ತಡ ಏರಬಹುದಾದ್ದರಿಂದ ವರ್ಷಕ್ಕೊಮ್ಮೆ ಪರೀಕ್ಷೆ ಅವಶ್ಯ.

ಬ್ಯಾಟು ಹಿಡಿದವನಷ್ಟೇ ಅಪಾಯದಲ್ಲಿರುವುದಿಲ್ಲ. 2000ನೇ ಇಸವಿಯ ಏಷ್ಯಾ ಕಪ್ ಪಂದ್ಯದಲ್ಲಿ ನಮ್ಮ ಅನಿಲ್ ಕುಂಬ್ಳೆಯವರ ಬೌಲಿಂಗ್‌ಗೆ ವಿಕೆಟ್ ಕಾಯುತ್ತಿದ್ದ ಸಬಾ ಕರೀಂ ಅವರ ಕಣ್ಣಿಗೆ, ಬ್ಯಾಟ್ಸ್‌ಮನ್ನನ ಬೂಟಿಗೆ ತಗಲಿ ಪುಟಿದ ಚೆಂಡು ಬಡಿಯಿತು. ಅವರ ಆಟ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಸ್ಪಿನ್ ಬೌಲಿಂಗ್‌ಗೂ ವಿಕೆಟ್ ಕೀಪರ್ ಮಗು ಹೆಲ್ಮೆಟ್ ಹಾಕಿರಬೇಕೆನ್ನುವುದು ಇದೇ ಕಾರಣಕ್ಕೆ.

ಹೆಲ್ಮೆಟ್ ಇಲ್ಲದ ಕಾಲದಲ್ಲಿ, 1962ರಲ್ಲಿ, ಬಾರ್ಬಡೋಸ್‌ನಲ್ಲಿ ನಾಯಕ ನಾರಿ ಕಂಟ್ರಾಕ್ಟರ್ ಅವರ ತಲೆಬುರುಡೆ ಒಡೆದದ್ದು ಹಿರಿಯರಿಗೆ ನೆನಪಿರಬಹುದು. 1998ರಲ್ಲಿ ಢಾಕಾದಲ್ಲಿ ಬ್ಯಾಟ್ಸ್‌ಮನ್ನನ ಸಮೀಪದಲ್ಲಿ ಬರಿದಲೆಯಲ್ಲಿ ಫೀಲ್ಡಿಂಗ್ ಮಾಡುತ್ತಿದ್ದ ರಮಣ್ ಲಾಂಬಾ ಪೆಟ್ಟು ತಿಂದು ಮೂರು ದಿನಗಳಲ್ಲಿ ತೀರಿಕೊಂಡರು. 2014ರಲ್ಲಿ ಸಿಡ್ನಿಯಲ್ಲಿ ಹೆಲ್ಮೆಟ್ ಧರಿಸಿದ್ದ ಫಿಲ್ ಹ್ಯೂಸ್ ಅವರಿಗೂ ಹೆಲ್ಮೆಟ್ ಮುಚ್ಚದ ಕತ್ತಿನ ಭಾಗಕ್ಕೆ ಚೆಂಡು ಬಡಿದು ಪ್ರಾಣ ಹೋಯಿತು. ಆದ್ದರಿಂದ ಚರ್ಮದ ಚೆಂಡು ಬಂದ ದಿನವೇ ಹೆಲ್ಮೆಟ್ಟೂ ಬರಬೇಕು. ತೆಂಗಿನ ನಾರಿನ ಮ್ಯಾಟು ಹಾಸಿದ ಪಿಚ್ಚಿನಲ್ಲಿ ಚೆಂಡು ಮಣ್ಣಿನ ಪಿಚ್ಚಿಗಿಂತ ಎತ್ತರ ಪುಟಿಯುವುದರಿಂದ ನಮ್ಮ ಊರುಗಳಲ್ಲಿ ಇದು ಇನ್ನೂ ಮುಖ್ಯ. ಮುಂಚಾಚಿಗೂ ಜಾಲರಿಗೂ ನಡುವಿನ ಕಿಂಡಿಯಲ್ಲಿ ಚೆಂಡು ತೂರುವಂತಿದ್ದರೆ ಆ ಹೆಲ್ಮೆಟ್ ನಿರುಪಯೋಗಿ. ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಬದಲಿಸಬೇಕು. ತಲೆಗೆ ಪೆಟ್ಟು ಬಿದ್ದ ಮಗು ಎದ್ದು ನಕ್ಕರೂ ಆ ದಿನ ಮತ್ತೆ ಆಡಿಸಕೂಡದು. ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು, ತೊದಲು ಮಾತು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಧಾವಿಸಬೇಕು.

ಗಂಡುಮಕ್ಕಳು ಮನೆಯಲ್ಲಿ ಹೇಳಲು ನಾಚುವ ಒಂದು ಪೆಟ್ಟಿದೆ. ತೊಡೆಸಂದಿಗೆ ಚೆಂಡು ಬಿದ್ದ ನೋವು ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಒಂದು ಗಂಟೆ ಕಳೆದರೂ ನೋವು, ಊತ, ವಾಕರಿಕೆ ಇದ್ದರೆ ವೃಷಣ ಹಾನಿಗೊಂಡಿರಬಹುದು ಅಥವಾ ತಿರುಚಿಕೊಂಡಿರಬಹುದು. ತಿರುಚಿದ್ದರೆ ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದಲ್ಲಿ ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಬೆಳಗಿನವರೆಗೆ ಕಾದರೆ ಕಳೆದುಕೊಳ್ಳಬೇಕಾದೀತು. ರಕ್ಷಾಕವಚವಿಲ್ಲದೆ ಗಟ್ಟಿ ಚೆಂಡು ಆಡಬಾರದೆಂದೂ ನೋವಾದರೆ ಮುಚ್ಚಿಡಬಾರದೆಂದೂ ತಂದೆಯಾದವನು ಮಗನಿಗೆ ಮೊದಲೇ ಬಿಡಿಸಿ ಹೇಳಿರಬೇಕು.

ಬೆರಳು ಉಳುಕಿದರೆ ಎಳೆದು ನೀವುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಮಕ್ಕಳ ಎಲುಬಿನ ತುದಿಯಲ್ಲಿ ಮೂಳೆ ಉದ್ದ ಬೆಳೆಯುವ ಮೆತ್ತನೆಯ ಪದರವಿರುತ್ತದೆ. ಉಳುಕೆಂದು ತೋರುವುದು ಆ ಪದರದ ಬಿರುಕಾಗಿರಬಹುದು. ಅದನ್ನು ಎಳೆದಾಡಿದರೆ ಬೆರಳು ಸೊಟ್ಟಗೆ ಬೆಳೆದೀತು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಟ್ಟು, ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿ, ಎಕ್ಸ್-ರೇ ತೆಗೆಸಿ. ಬೆರಳ ತುದಿಯ ಗೆಣ್ಣು ಜೋತುಬಿದ್ದು ತಾನಾಗಿ ನೆಟ್ಟಗಾಗದಿದ್ದರೆ ಸ್ನಾಯುರಜ್ಜು ಕಿತ್ತಿದೆ ಎಂದರ್ಥ. ಆರರಿಂದ ಎಂಟು ವಾರ ಒಂದು ಕ್ಷಣವೂ ಬಾಗದಂತೆ ಪಟ್ಟಿ ಕಟ್ಟಿರಬೇಕಾಗುತ್ತದೆ.

ಬಿಸಿಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಏಪ್ರಿಲ್‌ನಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಅಭ್ಯಾಸ ಬೇಡ. ಇಪ್ಪತ್ತು ನಿಮಿಷಕ್ಕೊಮ್ಮೆ ನೀರು, ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಪಾನಕ ಕೊಡಿ.

ಕೊನೆಯದಾಗಿ, ಎಷ್ಟು ಅಭ್ಯಾಸ ಮಾಡಿದರೂ ಚೆಂಡು ಬ್ಯಾಟಿಗೆ ಸಿಗದ ಮಕ್ಕಳಿದ್ದಾರೆ. ಅವರಿಗೆ ‘ಗಮನ ಕೊಡು’ ಎಂಬ ಬೈಗುಳವೇ ಗತಿ. ಇಂಥ ಮಗು ತರಗತಿಯಲ್ಲಿ ಮುಂದಿನ ಬೆಂಚಿಗೆ ಹೋಗುತ್ತದೆಯೇ, ಟಿ.ವಿ.ಯ ಹತ್ತಿರ ಕೂರುತ್ತದೆಯೇ, ಕಣ್ಣು ಕಿರಿದು ಮಾಡಿ ನೋಡುತ್ತದೆಯೇ ಎಂದು ಗಮನಿಸಿ. ಸಮೀಪದೃಷ್ಟಿ ಇದ್ದಲ್ಲಿ ಎಷ್ಟು ಚೆಂಡೆಸೆದರೂ ಪ್ರಯೋಜನವಿಲ್ಲ, ಕನ್ನಡಕ ಬೇಕು. ಜಿಲ್ಲಾ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ಪರೀಕ್ಷೆ ಮಾಡಿಸಬಹುದು. ಆಟಕ್ಕೆ ಗಾಜಿನ ಕನ್ನಡಕ ಬೇಡ, ಒಡೆದರೆ ಚೂರು ಕಣ್ಣಿಗೇ ಹೋಗುತ್ತದೆ. ಪಾಲಿಕಾರ್ಬೊನೇಟ್ ಮಸೂರ ಹಾಕಿಸಿ, ಜಾರದಂತೆ ತಲೆಯ ಹಿಂದಿನಿಂದ ಪಟ್ಟಿ ಕಟ್ಟಿಸಿ.